ಏಳು ವರ್ಷ ದಾಟಿದ ಗೆಳೆತನ ಕೊನೆಯವರೆಗೂ ಉಳಿಯುತ್ತದೆಯೇ? ಬೇಸಿಗೆ ಶಿಬಿರದ ಹಳೆಯ ಜೊತೆಗಾರರು ಮತ್ತೆ ಸಿಕ್ಕಾಗ

ಎರಡು ಕೈಗಳು ಬೆಸೆದ ಚಿತ್ರ, ಮೂಲೆಯಲ್ಲೊಂದು ಗುಲಾಬಿ, ನಡುವೆ ಒಂದು ಸಾಲು: ಗೆಳೆತನ ಏಳು ವರ್ಷ ದಾಟಿದರೆ ಅದು ಜೀವನಪೂರ್ತಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಈ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರಬೇಕು.

ನನಗೆ ಅದು ಬಂದದ್ದು ನಮ್ಮ ಬೇಸಿಗೆ ಶಿಬಿರದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. 1998ರ ಏಪ್ರಿಲ್ ರಜೆಯಲ್ಲಿ ಮಲೆನಾಡಿನ ಒಂದು ಸರ್ಕಾರಿ ಶಾಲೆಯಲ್ಲಿ ಹದಿನೈದು ದಿನ ಮಕ್ಕಳ ಶಿಬಿರ ನಡೆದಿತ್ತು. ಅರವತ್ತು ಮಕ್ಕಳು, ಅವರನ್ನು ನೋಡಿಕೊಳ್ಳಲು ನಾವು ಹದಿನಾಲ್ಕು ಜನ. ಹೆಚ್ಚಿನವರು ಡಿಗ್ರಿ ಓದುತ್ತಿದ್ದವರು. ಮಕ್ಕಳು ನಮ್ಮ ಹೆಸರು ಹೇಳುತ್ತಿರಲಿಲ್ಲ, ಕೆಲಸದಿಂದ ಕರೆಯುತ್ತಿದ್ದರು. ಹಾಡು ಕಲಿಸುವವನು ಹಾಡಿನಣ್ಣ. ಬೆಳಿಗ್ಗೆ ಐದೂವರೆಗೆ ಎಬ್ಬಿಸುವವರು ಸೀಟಿ ಮೇಷ್ಟ್ರು. ಕಾಗದದಲ್ಲಿ ದೋಣಿ, ಕಪ್ಪೆ, ಮುಖವಾಡ ಮಾಡಿಸುತ್ತಿದ್ದ ನಾನು ಕಾಗದದಣ್ಣ. ಶಿಬಿರ ಮುಗಿದ ದಿನ ಬಸ್ಸಿನ ಕಿಟಕಿ ಹಿಡಿದು ಅತ್ತು, ಆಟೋಗ್ರಾಫ್ ಪುಸ್ತಕದಲ್ಲಿ ವಿಳಾಸ ಬರೆದುಕೊಂಡು ಬೇರೆಯಾದೆವು. ನಾಲ್ಕೈದು ಇನ್‌ಲ್ಯಾಂಡ್ ಪತ್ರ ಓಡಾಡಿದವು. ಆಮೇಲೆ ಅದೂ ನಿಂತಿತು. 27 ವರ್ಷ ಯಾರೂ ಯಾರಿಗೂ ಸಿಗಲಿಲ್ಲ.

ಯಾರೋ ಒಬ್ಬರು ಹಳೆಯ ಗ್ರೂಪ್ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿದ ಮೇಲೆ ಒಬ್ಬೊಬ್ಬರೇ ಸೇರಿದರು, ಗ್ರೂಪ್ ಆಯಿತು. ಮತ್ತೆ ಭೇಟಿಯಾಗೋಣ ಎಂಬ ಮಾತು ಬಂತು. ಆಗಲೇ ಹಾಡಿನಣ್ಣ ಈ ಗುಲಾಬಿ ಫಾರ್ವರ್ಡ್ ಹಾಕಿದ್ದು. ಇಪ್ಪತ್ತೇಳು ವರ್ಷದಲ್ಲಿ ಒಂದು ಫೋನೂ ಮಾಡದ ಮನುಷ್ಯ! ಎಲ್ಲರೂ ಹೃದಯದ ಚಿಹ್ನೆ ಒತ್ತಿದರು. ನಾನೂ ಒತ್ತಿದೆ. ಒತ್ತಿದ ಮೇಲೆ ಯೋಚನೆ ಬಂತು: ಇದು ನಿಜವೇ?

ಏಳು ವರ್ಷದ ಲೆಕ್ಕ

ಫಾರ್ವರ್ಡಿನಲ್ಲಿ ಯಾವ ಮನಶ್ಶಾಸ್ತ್ರಜ್ಞರು, ಯಾವ ಊರಿನವರು, ಯಾವ ವರ್ಷ ಹೇಳಿದರು ಎಂಬುದು ಇಲ್ಲ. ಇಂಥ ಸಂದೇಶಗಳ ಗುರುತೇ ಅದು. ಆದರೆ ಗೆಳೆತನ ಮತ್ತು ಏಳು ವರ್ಷ, ಈ ಎರಡನ್ನೂ ಇಟ್ಟುಕೊಂಡು ನಡೆದ ನಿಜವಾದ ಸಂಶೋಧನೆ ಒಂದಿದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಗೆರಾಲ್ಡ್ ಮೊಲ್ಲೆನ್‌ಹಾರ್ಸ್ಟ್ 18ರಿಂದ 65 ವರ್ಷದೊಳಗಿನ 1,007 ಜನರಿಗೆ ಕೆಲವು ಪ್ರಶ್ನೆ ಕೇಳಿದರು. ಮನಸ್ಸಿನ ಮಾತನ್ನು ಯಾರ ಹತ್ತಿರ ಹೇಳಿಕೊಳ್ಳುತ್ತೀರಿ? ಮನೆ ಕೆಲಸಕ್ಕೆ ಯಾರು ಕೈ ಹಚ್ಚುತ್ತಾರೆ? ಸುಮ್ಮನೆ ಯಾರ ಮನೆಗೆ ಹೋಗುತ್ತೀರಿ? ಏಳು ವರ್ಷ ಬಿಟ್ಟು ಅವರಲ್ಲಿ 604 ಜನರನ್ನು ಮತ್ತೆ ಕೇಳಿದರು. 2009ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು: ಒಬ್ಬೊಬ್ಬರ ಬಳಗದ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ, ಆದರೆ ಅದರಲ್ಲಿದ್ದ ಜನರಲ್ಲಿ ಸುಮಾರು ಅರ್ಧದಷ್ಟು ಬದಲಾಗಿದ್ದಾರೆ.

ಅಂದರೆ ಏಳು ವರ್ಷ ಗೆಳೆತನಕ್ಕೆ ಮುದ್ರೆ ಒತ್ತುವ ಗಡಿ ಅಲ್ಲ. ಆ ಅವಧಿಯಲ್ಲಿ ಅರ್ಧದಷ್ಟು ಗೆಳೆಯರು ಜಾರಿ ಹೋಗುವುದು, ಅವರ ಜಾಗಕ್ಕೆ ಬೇರೆಯವರು ಬರುವುದು ಸಾಮಾನ್ಯ ಸಂಗತಿ. ಇದಕ್ಕೆ ಯಾರ ಕೆಟ್ಟತನವೂ ಬೇಕಿಲ್ಲ. ನಾವು ಗೆಳೆಯರನ್ನು ಆರಿಸಿಕೊಳ್ಳುವುದು ಬಹುಮಟ್ಟಿಗೆ ನಾವಿರುವ ಜಾಗದಿಂದ: ಶಾಲೆ, ಕಚೇರಿ, ಬೀದಿ, ಬಸ್ಸು. ಜಾಗ ತಪ್ಪಿದರೆ ಗೆಳೆತನವೂ ಸಡಿಲವಾಗುತ್ತದೆ. ಶಿಬಿರದ ಜಾಗವಂತೂ ಹದಿನೈದೇ ದಿನದ್ದು. ಜೂನ್ ಒಂದಕ್ಕೆ ಅದೇ ಕೋಣೆಯಲ್ಲಿ ಮತ್ತೆ ಮಗ್ಗಿ ಶುರು.

"ನಾವು ಮರೆತೆವು, ನಮಗೆ ನಿಯತ್ತಿಲ್ಲ" ಎಂದು ಗ್ರೂಪಿನಲ್ಲಿ ಕೆಲವರು ನೊಂದುಕೊಂಡಿದ್ದರು. ಅವರು ಈ ಒಂದು ಅಂಕಿಯನ್ನು ನೋಡಿದರೆ ಸಾಕು.

ಹದಿನೈದು ದಿನಕ್ಕೆ ಇಷ್ಟೊಂದು ಗಾಢತೆ ಹೇಗೆ?

ಹೋಗಲಿ, ಮೂರು ವರ್ಷ ಪಕ್ಕದ ಬೆಂಚಿನಲ್ಲಿ ಕೂತವನ ಮುಖ ಮಸುಕಾಗಿದೆ. ಹದಿನೈದು ದಿನ ಜೊತೆಗಿದ್ದವರು ಹೀಗೆ ಕಣ್ಣಿಗೆ ಕಟ್ಟಿದಂತೆ ಉಳಿಯುವುದು ಏಕೆ?

ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಗೆಳೆತನವನ್ನು ಗಂಟೆಗಳಲ್ಲಿ ಅಳೆಯಲು ನೋಡಿದರು. ಅವರ ಅಂದಾಜು: ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯ ಎಂದು ಕರೆಯಲು ಸುಮಾರು 90. ಆಪ್ತ ಸ್ನೇಹಕ್ಕೆ 200 ಗಂಟೆಗೂ ಮೇಲೆ. ಇದು ಕಟ್ಟುನಿಟ್ಟಿನ ಸೂತ್ರವಲ್ಲ, ಜನರು ಹೇಳಿದ್ದರ ಮೇಲೆ ಕಟ್ಟಿದ ಸರಾಸರಿ. ಆದರೂ ಶಿಬಿರಕ್ಕೆ ಹಚ್ಚಿ ನೋಡಿ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತೂವರೆವರೆಗೆ ಹದಿನೇಳು ಗಂಟೆ. ಹದಿನೈದು ದಿನಕ್ಕೆ 255. ಒಬ್ಬೊಬ್ಬರೇ ಇದ್ದ ಸಮಯ ಕಳೆದರೂ ಇನ್ನೂರರ ಹತ್ತಿರ ಬರುತ್ತದೆ. ಕಾಲೇಜಿನ ಗೆಳೆಯನ ಜೊತೆ ದಿನಕ್ಕೊಂದು ಗಂಟೆ ಹರಟಿದರೆ ಇಷ್ಟು ಕೂಡಿಸಲು ಆರು ತಿಂಗಳಿಗೂ ಹೆಚ್ಚು ಕಾಲ ಬೇಕು.

ಗಂಟೆಯ ಲೆಕ್ಕದ ಜೊತೆಗೆ ಹಾಡು ಬೇರೆ. ಯಾವ ಶಿಬಿರದಲ್ಲಾದರೂ ಮೊದಲ ದಿನ ಚಾಪೆ ಹಾಸುವ ಮುಂಚೆ ಹಾಡು ಶುರುವಾಗುತ್ತದೆ. ಇದು ಬರೀ ಸಂಪ್ರದಾಯವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಐಲುನೆಡ್ ಪಿಯರ್ಸ್, ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ವಯಸ್ಕರ ಶಿಕ್ಷಣದ ತರಗತಿಗಳನ್ನು ಏಳು ತಿಂಗಳು ಗಮನಿಸಿದರು. ಕೆಲವು ತರಗತಿಗಳಲ್ಲಿ ಹಾಡು, ಕೆಲವರಲ್ಲಿ ಕರಕುಶಲ ಕೆಲಸ ಅಥವಾ ಬರವಣಿಗೆ. ಹಾಡುವವರು ಮೊದಲ ತಿಂಗಳಲ್ಲೇ ಪರಸ್ಪರ ಹತ್ತಿರವಾದರು. ಮಿಕ್ಕವರು ನಿಧಾನಕ್ಕೆ ಹತ್ತಿರವಾಗುತ್ತ ಏಳನೇ ತಿಂಗಳ ಹೊತ್ತಿಗೆ ಅವರ ಸಮಕ್ಕೆ ಬಂದರು. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಹಾಡಿನ ಗುಣ ಆಳಕ್ಕಿಂತ ವೇಗದ್ದು. ಹದಿನೈದು ದಿನದ ಶಿಬಿರಕ್ಕೆ ಬೇಕಾದದ್ದೂ ವೇಗವೇ. ಕಾಗದದಣ್ಣನಾಗಿ ನಾನು ಒಂದು ಮಾತು ಸೇರಿಸಬಹುದು: ಮೂರನೇ ದಿನಕ್ಕೇ ಹಾಡಿನಣ್ಣನ ಹಿಂದೆ ನಲವತ್ತು ಮಕ್ಕಳಿದ್ದರು, ನನ್ನ ಹಿಂದೆ ಆರು.

ಶಿಬಿರವನ್ನೇ ಪ್ರಯೋಗಶಾಲೆ ಮಾಡಿಕೊಂಡ ಪ್ರಸಿದ್ಧ ಸಂಶೋಧನೆಯೂ ಇದೆ. ಬೇಸಿಗೆ ಶಿಬಿರದ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ಅಮೆರಿಕದಲ್ಲಿ. 1861ರಲ್ಲಿ ಕನೆಕ್ಟಿಕಟ್ ರಾಜ್ಯದ ಶಾಲಾ ಶಿಕ್ಷಕ ಫ್ರೆಡರಿಕ್ ಗನ್ ತಮ್ಮ ಹುಡುಗರನ್ನು ಡೇರೆಗಳ ವಾಸಕ್ಕೆ ಕರೆದೊಯ್ದದ್ದನ್ನು ಅಲ್ಲಿನ ಮೊದಲ ಶಿಬಿರ ಎನ್ನುವುದು ರೂಢಿ. 1954ರಲ್ಲಿ ಒಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಎಂಬಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಒಂದು ಶಿಬಿರ ನಡೆಸಿದರು. ಹನ್ನೊಂದರ ಆಸುಪಾಸಿನ 22 ಹುಡುಗರು, ಎರಡು ತಂಡ. ಶಿಬಿರದ ಸಿಬ್ಬಂದಿಯಂತೆ ಓಡಾಡುತ್ತಿದ್ದವರು ಸಂಶೋಧಕರೇ. ಹಗ್ಗಜಗ್ಗಾಟ, ಬೇಸ್‌ಬಾಲ್ ಇಟ್ಟು ತಂಡಗಳ ನಡುವೆ ಜಗಳ ಹುಟ್ಟಿಸಿದರು. ಬಾವುಟ ಸುಡುವ ಮಟ್ಟಕ್ಕೆ ಹೋಯಿತು. ಆಮೇಲೆ ಕುಡಿಯುವ ನೀರಿನ ವ್ಯವಸ್ಥೆ ಕೆಡುವ ಹಾಗೆ, ಟ್ರಕ್ ನಿಂತು ಹೋಗುವ ಹಾಗೆ ಮಾಡಿದರು. ಎಲ್ಲರೂ ಒಟ್ಟಾಗದೆ ಗತಿಯಿಲ್ಲ ಎಂದಾದಾಗ ಹುಡುಗರ ಹಗೆ ಕರಗಿತು.

ಎಲ್ಲರಿಗೂ ಬೇಕಾದ, ಒಬ್ಬರಿಂದ ಆಗದ ಕೆಲಸ ಜನರನ್ನು ಬೆಸೆಯುತ್ತದೆ ಎಂಬುದಕ್ಕೆ ಪಠ್ಯಪುಸ್ತಕಗಳು ಇಂದಿಗೂ ಈ ಕಥೆ ಕೊಡುತ್ತವೆ. ಆದರೆ ಕಥೆಗೆ ಇನ್ನೊಂದು ಮಗ್ಗುಲು ಇದೆ. ಅದರ ಹಿಂದಿನ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಶೆರಿಫ್ ಮಾಡಿದ ಇಂಥದೇ ಶಿಬಿರ ಕೈಕೊಟ್ಟಿತ್ತು. ಹುಡುಗರು ಜಗಳವಾಡಲು ಒಪ್ಪಲೇ ಇಲ್ಲ. ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರ್ರಿ ದಶಕಗಳ ನಂತರ ಆ ಹುಡುಗರಲ್ಲಿ ಕೆಲವರನ್ನು ಹುಡುಕಿ ಮಾತಾಡಿಸಿ 2018ರಲ್ಲಿ ಪುಸ್ತಕ ಬರೆದರು. ಅಷ್ಟರಲ್ಲಿ ಅವರು ಅಜ್ಜಂದಿರಾಗಿದ್ದರು. ತಾವು ಹೋಗಿದ್ದು ಶಿಬಿರಕ್ಕಲ್ಲ, ಪ್ರಯೋಗಕ್ಕೆ ಎಂಬುದು ಆಗ ಗೊತ್ತಾದವರೂ ಅವರಲ್ಲಿದ್ದರು. ಒಂದೇ ಶಿಬಿರದಿಂದ ಸಿಬ್ಬಂದಿ ಹೊತ್ತು ತಂದ ನೆನಪೇ ಬೇರೆ, ಮಕ್ಕಳು ಹೊತ್ತು ತಂದದ್ದೇ ಬೇರೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಯಸ್ಸಿನದೂ ಒಂದು ಪಾತ್ರ ಇದೆ. ನಡುವಯಸ್ಸು ದಾಟಿದವರನ್ನು ಬದುಕಿನ ಘಟನೆಗಳನ್ನು ನೆನೆಸಿಕೊಳ್ಳಿ ಎಂದರೆ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಲೆಕ್ಕಕ್ಕಿಂತ ಹೆಚ್ಚು ಬರುತ್ತವೆ. ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಇದನ್ನು ತೋರಿಸಿದರು. ಮೊದಲ ಸಂಬಳ, ಮೊದಲ ಪ್ರೀತಿ, ಮನೆ ಬಿಟ್ಟು ಮೊದಲ ಸಲ ಇದ್ದದ್ದು ಎಲ್ಲ ಆ ಅವಧಿಯಲ್ಲೇ. ಶಿಬಿರದ ಅಣ್ಣ-ಅಕ್ಕಂದಿರು ಸಾಮಾನ್ಯವಾಗಿ ಇಪ್ಪತ್ತರ ಆಜುಬಾಜಿನವರು.

ಮೊದಲ ಮೆಸೇಜಿನ ಕಷ್ಟ

ಗ್ರೂಪಿಗೆ ಸೇರಿದ ಮೇಲೂ ನಾನು ಹಾಡಿನಣ್ಣನಿಗೆ ಪ್ರತ್ಯೇಕವಾಗಿ ಒಂದು ಸಾಲು ಬರೆಯಲು ಮೂರು ವಾರ ತೆಗೆದುಕೊಂಡೆ. ಬರೆಯುವುದು, ಅಳಿಸುವುದು. "ಹೇಗಿದ್ದೀಯ" ಎನ್ನಲೇ, "ಹೇಗಿದ್ದೀರಿ" ಎನ್ನಲೇ? ಆಗ ಏಕವಚನ, ಈಗ ಆತ ಒಂದು ಕಾಲೇಜಿನ ಪ್ರಿನ್ಸಿಪಾಲ್. ಏನೋ ಸಹಾಯ ಕೇಳಲು ಬಂದ ಎಂದುಕೊಂಡರೆ?

ಇದು ನನ್ನೊಬ್ಬನ ಸಂಕೋಚವಲ್ಲ. ಕೆನಡಾದ ಲಾರಾ ಅಕ್ನಿನ್ ಮತ್ತು ಬ್ರಿಟನ್ನಿನ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಏಳು ಅಧ್ಯಯನಗಳಲ್ಲಿ ಸುಮಾರು 2,500 ಜನರನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಮಾತು ನಿಂತ ಒಬ್ಬ ಗೆಳೆಯನನ್ನು ನೆನೆಸಿಕೊಳ್ಳಿ ಎಂದರು. ಅವರಿಗೆ ಖುಷಿಯಾಗುತ್ತದೆ ಎಂದು ನಿಮಗೆ ಅನ್ನಿಸುವವರೇ ಇರಲಿ, ನಂಬರ್ ಕೈಯಲ್ಲಿರಲಿ ಎಂದರು. ಸಂದೇಶ ಬರೆಸಿದರು. ಈಗ ಕಳಿಸಿ ಎಂದು ಸಮಯವನ್ನೂ ಕೊಟ್ಟರು. ಆದರೂ ನಿಜವಾಗಿ ಕಳಿಸಿದವರು ಮೂರರಲ್ಲೊಂದು ಪಾಲಿನಷ್ಟು. ಹಳೆಯ ಗೆಳೆಯನಿಗೆ ಬರೆಯಲು ಜನ ಎಷ್ಟು ಹಿಂಜರಿದರೆಂದರೆ, ಅಪರಿಚಿತರನ್ನು ಮಾತಾಡಿಸಲು ಹಿಂಜರಿಯುವಷ್ಟು. ಕಾಲ ಕಳೆದಂತೆ ಗೆಳೆಯನೂ ಅಪರಿಚಿತನಂತೆ ಕಾಣುತ್ತಾನೆ, ಮುಜುಗರ ಅಲ್ಲಿಂದ ಬರುತ್ತದೆ.

"ಅವರಿಗೂ ಖುಷಿಯಾಗುತ್ತದೆ, ಕಳಿಸಿ" ಎಂದು ಬುದ್ಧಿ ಹೇಳಿದರೆ ಪ್ರಯೋಜನವಾಗಲಿಲ್ಲ. ಆದದ್ದು ಬೇರೊಂದು ಉಪಾಯದಿಂದ: ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಮೆಸೇಜ್ ಮಾಡಿಸಿದರು, ಆಮೇಲೆ ಹಳೆಯ ಗೆಳೆಯನ ಸರದಿ. ಸುಮ್ಮನೆ ಸಾಮಾಜಿಕ ಜಾಲತಾಣ ನೋಡುತ್ತ ಕೂತಿದ್ದವರಲ್ಲಿ ಶೇ. 31 ಜನ ಕಳಿಸಿದರೆ, ಹೀಗೆ ಕೈ ಪಳಗಿಸಿಕೊಂಡವರಲ್ಲಿ ಶೇ. 53 ಜನ ಕಳಿಸಿದರು. ನೀವು ಯಾರಿಗಾದರೂ ಬರೆಯಬೇಕು ಎಂದು ವರ್ಷಗಟ್ಟಲೆ ಅಂದುಕೊಳ್ಳುತ್ತಿದ್ದರೆ ಇದನ್ನು ಮಾಡಿ ನೋಡಬಹುದು, ಖರ್ಚಿಲ್ಲ.

ಆ ಕಡೆಯವರಿಗೆ ಹೇಗನ್ನಿಸುತ್ತದೆ? ಪೆಗ್ಗಿ ಲಿಯು ನೇತೃತ್ವದ ತಂಡ 2022ರಲ್ಲಿ ಹದಿಮೂರು ಪ್ರಯೋಗಗಳ ಫಲಿತಾಂಶ ಕೊಟ್ಟಿತು. ಪುಟ್ಟ ಸಂದೇಶವನ್ನೋ ಸಣ್ಣ ಉಡುಗೊರೆಯನ್ನೋ ಕಳಿಸಿದವರು ಊಹಿಸಿದ್ದಕ್ಕಿಂತ ಹೆಚ್ಚು ಅದು ಪಡೆದವರಿಗೆ ಹಿಡಿಸಿತ್ತು. ನಿರೀಕ್ಷೆಯೇ ಇಲ್ಲದಾಗ ಬಂದರೆ ಇನ್ನೂ ಹೆಚ್ಚು. ಕಳಿಸುವವರು ತಮ್ಮ ಮುಜುಗರವನ್ನು ನೋಡುತ್ತಿರುತ್ತಾರೆ, ಪಡೆಯುವವರು ಆಶ್ಚರ್ಯವನ್ನು. ನನ್ನ ಮೂರು ವಾರದ ಸಾಲಿಗೆ ಹಾಡಿನಣ್ಣನ ಉತ್ತರ ನಲವತ್ತು ಸೆಕೆಂಡಿನಲ್ಲಿ ಬಂತು. "ಲೋ ಕಾಗದ, ಬದುಕಿದ್ದೀಯೇನೋ!"

ಇಲ್ಲೊಂದು ಎಚ್ಚರಿಕೆ. ಹಳೆಯ ಗುಂಪಿನ ಫೋಟೋ, ಹೆಸರು ಕದ್ದು "ನಾನು ನಿಮ್ಮ ಹಳೆಯ ಗೆಳೆಯ, ಆಸ್ಪತ್ರೆಯಲ್ಲಿದ್ದೇನೆ, ಸ್ವಲ್ಪ ಹಣ ಹಾಕಿ" ಎನ್ನುವವರೂ ಇದ್ದಾರೆ. ಹಣದ ಮಾತು ಬಂದರೆ ಮೊದಲು ಕರೆ ಮಾಡಿ ದನಿ ಕೇಳಿ, ಆ ಶಿಬಿರದಲ್ಲಿದ್ದವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ಮೋಸ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ಮುಖ ನೆನಪಿದೆ, ಹೆಸರು ಬರುತ್ತಿಲ್ಲ

ಕಳೆದ ಡಿಸೆಂಬರಿನ ಒಂದು ಭಾನುವಾರ ಅದೇ ಶಾಲೆಯ ಅಂಗಳದಲ್ಲಿ ಒಂಬತ್ತು ಜನ ಸೇರಿದೆವು. ಮೊದಲ ಹತ್ತು ನಿಮಿಷ ಎಲ್ಲರಿಗೂ ಒಂದೇ ಕಷ್ಟ. ಎದುರಿಗಿರುವವರು ಯಾರೆಂದು ಗೊತ್ತು, ಹೆಸರು ನಾಲಿಗೆಗೆ ಬರುತ್ತಿಲ್ಲ. ಮರೆವಿನ ಕಾಯಿಲೆ ಶುರುವಾಯಿತೇ ಎಂದು ಒಬ್ಬರು ನಿಜವಾಗಿಯೂ ಹೆದರಿದ್ದರು.

ಹೆದರಬೇಕಿಲ್ಲ. 1975ರಲ್ಲಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು ಹೈಸ್ಕೂಲ್ ಮುಗಿಸಿದ 392 ಜನರನ್ನು ಪರೀಕ್ಷಿಸಿದರು. ಕೆಲವರು ಶಾಲೆ ಬಿಟ್ಟು ತಿಂಗಳುಗಳಾಗಿದ್ದರೆ ಕೆಲವರಿಗೆ ಅರ್ಧ ಶತಮಾನವೇ ಆಗಿತ್ತು. ಹಳೆಯ ಫೋಟೋಗಳ ನಡುವೆ ಸಹಪಾಠಿಯ ಮುಖವನ್ನು ಗುರುತಿಸುವುದರಲ್ಲಿ ಸುಮಾರು 35 ವರ್ಷದ ನಂತರವೂ ಜನ ಶೇ. 90ರಷ್ಟು ಸರಿಯಿದ್ದರು. ಆದರೆ ಫೋಟೋ ಕೊಟ್ಟು ಹೆಸರು ಹೇಳಿ ಎಂದರೆ ಅಂಕ ಧಡಕ್ಕನೆ ಇಳಿಯಿತು. ಗುರುತಿಸುವುದು ಮತ್ತು ನೆನೆಸಿಕೊಳ್ಳುವುದು ಮಿದುಳಿಗೆ ಎರಡು ಬೇರೆ ಕೆಲಸ. ಮೊದಲನೆಯದಕ್ಕೆ ಸುಳಿವು ಕಣ್ಣೆದುರೇ ಇದೆ. ಎರಡನೆಯದಕ್ಕೆ ಒಳಗಿನಿಂದ ಹುಡುಕಿ ತೆಗೆಯಬೇಕು.

ಹೆಸರು ವಿಶೇಷವಾಗಿ ಜಾರುವುದಕ್ಕೆ ಇನ್ನೊಂದು ಕಾರಣವಿದೆ. 1987ರ ಒಂದು ಪ್ರಯೋಗದಲ್ಲಿ ಅಪರಿಚಿತ ಮುಖಗಳನ್ನು ತೋರಿಸಿ ಪ್ರತಿಯೊಂದರ ಹೆಸರು, ಕಸುಬು ಕಲಿಸಿದರು. ಇಂಗ್ಲಿಷಿನಲ್ಲಿ ಬೇಕರ್ ಎಂಬುದು ಮನೆತನದ ಹೆಸರೂ ಹೌದು, ಬ್ರೆಡ್ ಸುಡುವವನೂ ಹೌದು. ಅದೇ ಪದ ಕಸುಬಾಗಿ ಬಂದಾಗ ಜನರಿಗೆ ನೆನಪುಳಿಯಿತು, ಹೆಸರಾಗಿ ಬಂದಾಗ ಮರೆಯಿತು. ನಮ್ಮಲ್ಲಿ ಬಡಿಗೇರ ಎಂಬ ಅಡ್ಡಹೆಸರಿನವರನ್ನು ನೆನೆಸಿಕೊಳ್ಳಿ. ಈತ ಮರಗೆಲಸ ಮಾಡುತ್ತಾನೆ ಎಂದರೆ ಉಳಿ, ಕೊಡತಿ, ಹೊಟ್ಟು ಎಲ್ಲ ಮನಸ್ಸಿಗೆ ಬಂದು ಕೊಕ್ಕೆ ಹಾಕುತ್ತವೆ. ಬರೀ ಹೆಸರಿಗೆ ಅಂಥ ಕೊಕ್ಕೆ ಇಲ್ಲ. ಹಾಡಿನಣ್ಣ, ಸೀಟಿ ಮೇಷ್ಟ್ರು ಎಂಬ ಹೆಸರುಗಳು 27 ವರ್ಷ ಹೇಗೆ ಉಳಿದವು ಎಂದು ಈಗ ಅರ್ಥವಾಯಿತಲ್ಲ. ಮಕ್ಕಳು ನಮಗಿಂತ ಜಾಣರಿದ್ದರು.

ಆ ಹುಡುಗನನ್ನು ಹೊತ್ತವರು ಯಾರು?

ಇನ್ನು ನನಗೆ ಸ್ವಲ್ಪ ಕಷ್ಟವಾದ ಭಾಗ.

ಶಿಬಿರದ ಒಂಬತ್ತನೇ ರಾತ್ರಿ ಒಬ್ಬ ಹುಡುಗನಿಗೆ ಮೈ ಸುಡುವ ಜ್ವರ. ಕರೆಂಟಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ ಎರಡು ಕಿಲೋಮೀಟರ್ ದೂರ. ನಾನು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದೆ, ಹಾಡಿನಣ್ಣ ಟಾರ್ಚ್ ಹಿಡಿದಿದ್ದ. ಡಾಕ್ಟರ ಕ್ವಾರ್ಟರ್ಸ್ ಬಾಗಿಲು ಬಡಿದೆವು. ಹುಡುಗ ಬೆಳಿಗ್ಗೆಗೆ ಗೆಲುವಾದ. ಈ ಕಥೆಯನ್ನು ಹೆಂಡತಿಗೆ, ಮಗಳಿಗೆ, ಸಹೋದ್ಯೋಗಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ಅವನ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಕುತ್ತಿದ್ದದ್ದು ಇವತ್ತೂ ನೆನಪಿದೆ.

ಊಟವಾದ ಮೇಲೆ ಹಾಡಿನಣ್ಣ ಅದೇ ಕಥೆ ತೆಗೆದ. ಅವನ ಕಥೆಯಲ್ಲಿ ಹುಡುಗ ಇದ್ದದ್ದು ಅವನ ಹೆಗಲ ಮೇಲೆ. ಟಾರ್ಚ್ ಹಿಡಿದವನು ನಾಟಕದ ಮತ್ತೊಬ್ಬ ಹುಡುಗ. ನಾನು ಇಲ್ಲವೇ ಇಲ್ಲ. ಇಬ್ಬರ ದನಿಯೂ ಏರಿತು. ನಗುತ್ತಲೇ ಶುರುವಾದದ್ದು ನಗುವಾಗಿ ಉಳಿಯಲಿಲ್ಲ. ಆಗ ಸೀಟಿ ಮೇಷ್ಟ್ರು, ಈಗ ಎಪ್ಪತ್ತೆರಡರ ಅವರು, ಚೀಲದಿಂದ ಶಿಬಿರದ ದಿನಚರಿ ತೆಗೆದರು. ರಾತ್ರಿ 11.20ರ ನಮೂದಿನಲ್ಲಿ ಎಲ್ಲ ಇತ್ತು. ಹೊತ್ತುಕೊಂಡು ಹೋದವನು ಹಾಡಿನಣ್ಣ. ನಾನು ಶಿಬಿರದಲ್ಲೇ ಉಳಿದು ಹೆದರಿ ಎದ್ದ ಉಳಿದ ಮಕ್ಕಳನ್ನು ಮಲಗಿಸಿದ್ದೆ.

ನಾನು ಸುಳ್ಳು ಹೇಳುತ್ತಿದ್ದೆನೇ? ಇಲ್ಲ ಎಂದು ವಿಜ್ಞಾನ ನನ್ನ ಪರ ನಿಲ್ಲುತ್ತದೆ. 2001ರಲ್ಲಿ ಮರ್ಸಿಡಿಸ್ ಶೀನ್, ಸೈಮನ್ ಕೆಂಪ್ ಮತ್ತು ಡೇವಿಡ್ ರೂಬಿನ್ ಅವಳಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದ ಒಂದೇ ಘಟನೆಯನ್ನು ಅವಳಿಗಳಿಬ್ಬರೂ "ಅದು ಆದದ್ದು ನನಗೆ" ಎಂದು ಖಚಿತವಾಗಿ ಹೇಳಿದ ಉದಾಹರಣೆಗಳು ಅಲ್ಲಿ ಸಿಕ್ಕವು. ಅಣ್ಣತಮ್ಮಂದಿರು, ಗೆಳೆಯರ ನಡುವೆಯೂ ಇದು ಕಂಡಿತು. ನಮ್ಮ ನೆನಪು ವಿಡಿಯೋ ಅಲ್ಲ. ಪ್ರತಿ ಸಲ ಹೇಳುವಾಗಲೂ ಮಿದುಳು ಚೂರುಗಳಿಂದ ಅದನ್ನು ಹೊಸದಾಗಿ ಕಟ್ಟುತ್ತದೆ. ಕಣ್ಣಾರೆ ಕಂಡದ್ದು, ಕಿವಿಯಿಂದ ಕೇಳಿದ್ದು, ಮನಸ್ಸಿನಲ್ಲಿ ಊಹಿಸಿದ್ದು ಇವುಗಳ ಚಿತ್ರ ಉಳಿಯುತ್ತದೆ, ಆದರೆ ಚಿತ್ರ ಎಲ್ಲಿಂದ ಬಂತು ಎಂಬ ಚೀಟಿ ಕಾಲಕ್ರಮದಲ್ಲಿ ಉದುರಿ ಹೋಗುತ್ತದೆ. ಮಾರ್ಷಿಯಾ ಜಾನ್ಸನ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಮರುದಿನ ಬೆಳಿಗ್ಗೆ ಹಾಡಿನಣ್ಣ ಎಲ್ಲರೆದುರು ಆ ರಾತ್ರಿಯನ್ನು ಬಣ್ಣಿಸಿದ್ದ. ನಾನು ಕೇಳುತ್ತ ಕಲ್ಪಿಸಿಕೊಂಡಿದ್ದೆ. ಇಪ್ಪತ್ತೇಳು ವರ್ಷದಲ್ಲಿ ಎಲ್ಲೋ ಚೀಟಿ ಉದುರಿದೆ.

ಸ್ಪಷ್ಟವಾಗಿದೆ ಅಂದಮಾತ್ರಕ್ಕೆ ನೆನಪು ಸರಿಯೆಂದಲ್ಲ. 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನವೇ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಕೊಂಡಿದ್ದರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ನಿಕೋಲ್ ಹಾರ್ಶ್ ಜೊತೆಗೂಡಿ ಮತ್ತೆ ಕೇಳಿದರು. ಕಾಲು ಭಾಗದಷ್ಟು ಜನರ ಉತ್ತರ ಯಾವ ಮುಖ್ಯ ಅಂಶದಲ್ಲೂ ಮೊದಲಿನದಕ್ಕೆ ತಾಳೆಯಾಗಲಿಲ್ಲ. ಆದರೂ ತಮ್ಮ ನೆನಪಿನ ಬಗ್ಗೆ ಅವರಿಗೆ ಗಟ್ಟಿ ವಿಶ್ವಾಸವಿತ್ತು.

ವಿಜ್ಞಾನ ನನ್ನ ಪರ ನಿಂತರೂ ಮಗಳಿಗೆ ಹೇಳಬೇಕಾದದ್ದು ನಾನೇ. ಹೇಳಿದೆ. "ಹಾಗಾದರೆ ಉಳಿದ ಐವತ್ತೊಂಬತ್ತು ಮಕ್ಕಳನ್ನು ನೋಡಿಕೊಂಡದ್ದು ನೀವಲ್ಲವಾ ಅಪ್ಪ" ಎಂದಳು. ಆ ಕೆಲಸದ ಒಂದು ಚೂರೂ ನನಗೆ ನೆನಪಿಲ್ಲ.

ಆರೋಗ್ಯದ ಫಾರ್ವರ್ಡ್

ಭೇಟಿಯ ಮರುದಿನ ಗ್ರೂಪಿಗೆ ಬಂದದ್ದು ಇನ್ನೊಂದು: ಹಳೆಯ ಗೆಳೆಯರನ್ನು ಭೇಟಿಯಾದರೆ ಹತ್ತು ವರ್ಷ ಆಯುಷ್ಯ ಹೆಚ್ಚುತ್ತದೆ, ಒಂಟಿತನ ದಿನಕ್ಕೆ 15 ಸಿಗರೇಟಿಗೆ ಸಮ.

ಹತ್ತು ವರ್ಷದ ಮಾತಿಗೆ ಆಧಾರವಿಲ್ಲ, ಬಿಟ್ಟುಬಿಡಿ. ಸಿಗರೇಟಿನ ಹೋಲಿಕೆಗೆ ಮೂಲ ಇದೆ, ಆದರೆ ಫಾರ್ವರ್ಡಿನಲ್ಲಿ ಅದು ತಿರುಚಿಕೊಂಡಿದೆ. ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ತಂಡ 2010ರಲ್ಲಿ 148 ಅಧ್ಯಯನಗಳನ್ನು, ಒಟ್ಟು 3,08,849 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಗಟ್ಟಿಯಾದ ಸಾಮಾಜಿಕ ಸಂಬಂಧ ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿದಿರುವ ಸಂಭವ, ಇಲ್ಲದವರಿಗಿಂತ ಶೇ. 50ರಷ್ಟು ಹೆಚ್ಚಿತ್ತು. ಈ ವ್ಯತ್ಯಾಸದ ಗಾತ್ರವನ್ನು ಧೂಮಪಾನದಂಥ ಅಪಾಯಗಳ ಪಕ್ಕ ಇಟ್ಟು ತೋರಿಸಿದ್ದರಿಂದ ಸಿಗರೇಟು ಬಂತು. ಅಲ್ಲಿ ಅಳೆದದ್ದು ಬರೀ ಒಂಟಿತನದ ಭಾವನೆಯನ್ನಲ್ಲ. ಮನೆಯವರು, ನೆರೆಯವರು, ಗೆಳೆಯರು, ಸಂಘ ಎಲ್ಲ ಸೇರಿದ ದಿನನಿತ್ಯದ ಒಡನಾಟವನ್ನು. ಆರೋಗ್ಯವಂತರಿಗೆ ಗೆಳೆಯರು ಹೆಚ್ಚಿರುವುದೂ ಸಾಧ್ಯ ಎಂಬುದನ್ನು ಮರೆಯಬಾರದು. ವರ್ಷಕ್ಕೊಂದು ಭಾನುವಾರ ಬಿರಿಯಾನಿ ತಿಂದರೆ ಈ ಲಾಭ ಸಿಗುವುದಿಲ್ಲ. ಬಿಪಿ ಮಾತ್ರೆ ನಿಲ್ಲಿಸಬೇಡಿ.

ಮರುಭೇಟಿಯ ಲಾಭ ಬೇರೆ ರೀತಿಯದು. ಡೇನಿಯಲ್ ಲೆವಿನ್, ಹೋರ್ಹೆ ವಾಲ್ಟರ್, ಕೀತ್ ಮರ್ನಿಗನ್ ಎಂಬ ಮೂವರು 2011ರಲ್ಲಿ ಒಂದು ಅಧ್ಯಯನ ಮಾಡಿದರು. ಕನಿಷ್ಠ ಮೂರು ವರ್ಷ ಮಾತಿಲ್ಲದ ಹಳೆಯ ಪರಿಚಯದವರನ್ನು ಸಂಪರ್ಕಿಸಿ ಈಗಿನ ಕೆಲಸದ ಬಗ್ಗೆ ಸಲಹೆ ಕೇಳುವಂತೆ ಕಂಪನಿಗಳ ಹಿರಿಯ ಅಧಿಕಾರಿಗಳಿಗೆ ಹೇಳಿದರು. ಹೆಚ್ಚಿನವರು ಗೊಣಗಿಕೊಂಡೇ ಮಾಡಿದರು. ಸಿಕ್ಕ ಸಲಹೆಗಳು ಮಾತ್ರ ಉಪಯುಕ್ತವಾಗಿದ್ದವು, ಹೊಸತೂ ಆಗಿದ್ದವು. ಕಾರಣ ಸರಳ: ಆ ಗೆಳೆಯರು ಇಷ್ಟು ವರ್ಷ ಬೇರೆ ಲೋಕದಲ್ಲಿದ್ದರು, ಆದರೆ ಹಿಂದಿನ ನಂಬಿಕೆ ಹಾಗೇ ಮಲಗಿತ್ತು. ಫಾರ್ವರ್ಡ್ ಹೇಳುವಂತೆ ಗೆಳೆತನ ತಾನಾಗಿ ಉಳಿಯುವುದಿಲ್ಲ. ಎಬ್ಬಿಸಿದರೆ ಏಳುತ್ತದೆ, ಹಲವು ಸಲ.

ಎಲ್ಲ ಸಲ ಅಲ್ಲ.

ಬಾರದವರು

ಹದಿನಾಲ್ಕರಲ್ಲಿ ಒಂಬತ್ತು ಜನ ಬಂದೆವು. ಇಬ್ಬರು ತೀರಿಕೊಂಡಿದ್ದಾರೆ. ಇಬ್ಬರು ಸಿಗಲಿಲ್ಲ. ಇನ್ನೊಬ್ಬರು ಅಡುಗೆಮನೆ ಅಕ್ಕ, ಅವರು ಸಿಕ್ಕಿದರು, ಬರಲು ಒಪ್ಪಲಿಲ್ಲ.

ಅವರು ಅಡುಗೆಯವರಾಗಿ ಬಂದವರಲ್ಲ. ನಮ್ಮಂತೆಯೇ ಬಿ.ಎ. ಓದುತ್ತಿದ್ದವರು, ಕಥೆ ಹೇಳಲು ಬಂದಿದ್ದರು. ಎರಡನೇ ದಿನ ಅಡುಗೆಯವರು ಕೈಕೊಟ್ಟರು. "ಒಂದೆರಡು ದಿನ ನೋಡಿಕೊಳ್ಳಮ್ಮ" ಎಂದದ್ದು ಹದಿನೈದು ದಿನವೂ ಹಾಗೇ ಮುಂದುವರಿಯಿತು. ಎಪ್ಪತ್ತೈದು ಜನರ ಉಪ್ಪಿಟ್ಟು, ಅನ್ನ, ಸಾರು, ಹಂಡೆ ತೊಳೆಯುವುದು. ನಾವು ಬೆಂಕಿ ಸುತ್ತ ಕೂತು ಹಾಡುವಾಗ ಅವರು ಮರುದಿನದ ಕಾಯಿ ತುರಿಯುತ್ತಿದ್ದರು. ನಾನು ಫೋನ್ ಮಾಡಿದಾಗ ಬೇಸರವಿಲ್ಲದ ದನಿಯಲ್ಲೇ ಹೇಳಿದರು: "ನಿಮಗೆಲ್ಲ ಅದು ಶಿಬಿರ ಕಣಪ್ಪ. ನನಗೆ ಕೆಲಸ."

ಜೆಫ್ರಿ ಹಾಲ್ ಅವರ ಗಂಟೆಯ ಲೆಕ್ಕದಲ್ಲಿ ಒಂದು ಮುಖ್ಯ ಮಾತನ್ನು ನಾನು ಮೇಲೆ ಬಿಟ್ಟಿದ್ದೆ. ಜೊತೆಗೆ ಕೆಲಸ ಮಾಡಿದ ಗಂಟೆಗಳು ಗೆಳೆತನಕ್ಕೆ ಅಷ್ಟಾಗಿ ಜಮೆಯಾಗುವುದಿಲ್ಲ. ಹರಟಿದ, ಆಡಿದ, ಸುಮ್ಮನೆ ಕೂತ ಗಂಟೆಗಳು ಜಮೆಯಾಗುತ್ತವೆ. ನನ್ನ 255 ಗಂಟೆಯ ಲೆಕ್ಕ ಅಕ್ಕನಿಗೆ ಹೊಂದುವುದಿಲ್ಲ. ಒಕ್ಲಹೋಮದ ಶಿಬಿರದ ಸಿಬ್ಬಂದಿ ಮತ್ತು ಹುಡುಗರ ಹಾಗೆ, ನಾವೂ ಅವರೂ ಒಂದೇ ಶಾಲೆಯಲ್ಲಿ ಎರಡು ಬೇರೆ ಶಿಬಿರಗಳಲ್ಲಿದ್ದೆವು. ಹಳೆಯದನ್ನು ನೆನೆದು ಹಂಬಲಿಸುವುದಕ್ಕೆ ನಾಸ್ಟಾಲ್ಜಿಯಾ ಎಂಬ ಪದವನ್ನು 1688ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನೆಸ್ ಹೋಫರ್ ಟಂಕಿಸಿದ್ದು ಒಂದು ಕಾಯಿಲೆಯ ಹೆಸರಾಗಿ. ಈಗಿನ ಸಂಶೋಧಕರು ಅದನ್ನು ಕಾಯಿಲೆ ಎನ್ನುವುದಿಲ್ಲ, ಒಟ್ಟಿನಲ್ಲಿ ಅದರಿಂದ ಮನಸ್ಸಿಗೆ ಒಳ್ಳೆಯದೇ ಆಗುತ್ತದೆ ಎನ್ನುತ್ತಾರೆ. ಆದರೆ ಅದು ನೆನಪಿನ ಸಿಹಿಯನ್ನೇ ಆರಿಸಿ ಕೊಡುತ್ತದೆ. ನಮ್ಮ ಗ್ರೂಪಿನ ಇನ್ನೂರು ಫೋಟೋ, ಮೆಸೇಜುಗಳಲ್ಲಿ ಆ ಅಡುಗೆಮನೆ ಒಮ್ಮೆಯೂ ಬಂದಿರಲಿಲ್ಲ.

ಸೀಟಿ ಮೇಷ್ಟ್ರ ದಿನಚರಿಯನ್ನು ಮತ್ತೆ ತಿರುವಿದೆ. ಹದಿನೈದು ಪುಟಗಳಲ್ಲೂ ಅಕ್ಕನ ಹೆಸರಿದೆ, ಪ್ರತಿ ದಿನ, ಸಾಮಾನಿನ ಪಟ್ಟಿಯ ಪಕ್ಕ. ಆ ಪುಟಗಳ ಫೋಟೋ ತೆಗೆದು, ಕಥೆ ಹೇಳುವ ಅವಕಾಶ ನಿಮ್ಮಿಂದ ತಪ್ಪಿಸಿದೆವು ಎಂದು ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ನಾಲ್ಕು ದಿನದ ಮೇಲೆ ಬಂತು, ಮೆಸೇಜಲ್ಲ, ಕರೆ. ಮೊದಲು ಆ ಜ್ವರದ ಹುಡುಗ ಈಗ ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ಅವತ್ತು ರಾತ್ರಿ ಅವನಿಗೆ ಗಂಜಿ ಕಾಯಿಸಿ ಇಟ್ಟಿದ್ದರಂತೆ. ಆಮೇಲೆ, ಮುಂದಿನ ಸಲ ಎಲ್ಲಿ ಸೇರುತ್ತೀರಿ ಎಂದರು. ಮೇ ತಿಂಗಳಲ್ಲಿ, ಅದೇ ಶಾಲೆ ಎಂದೆ.

"ಅಡುಗೆ ಯಾರದು?"

ಹೋಟೆಲಿನಿಂದ ತರಿಸುತ್ತೇವೆ ಅಕ್ಕ, ಎಂದೆ.

"ನೋಡೋಣ" ಎಂದರು.